ಮಂಡಿ ಮುಟ್ಟಿ ನೋಡಿದಿರಾ? ಐಸಿಯು ಸಿಸ್ಟರ್‌ಗಳಿಗೂ ಬ್ರದರ್‌ಗಳಿಗೂ ಒಂದು ಬಹಿರಂಗ ಪತ್ರ

ಮಾರೇನಹಳ್ಳಿ, ಹಂಪಿನಗರ, ಅತ್ತಿಗುಪ್ಪೆ, ವಿಜಯನಗರದ ಪೀಜಿಗಳಲ್ಲೂ ಬಾಡಿಗೆ ಮನೆಗಳಲ್ಲೂ ಇದ್ದುಕೊಂಡು ಐಸಿಯು ಡ್ಯೂಟಿಗೆ ಹೋಗಿಬರುವ ಎಲ್ಲ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ,

ನಿಮ್ಮಲ್ಲಿ ಬಹಳ ಮಂದಿ 2021ರ ನಂತರ ಕೆಲಸಕ್ಕೆ ಸೇರಿದವರು. ಕೋವಿಡ್ ಕಾಲದಲ್ಲಿ ಹಾಸನದಲ್ಲೋ ಚಿತ್ರದುರ್ಗದಲ್ಲೋ ಮನೆಯೊಳಗೆ ಕೂತು, ಮೊಬೈಲಿನಲ್ಲಿ ನರ್ಸಿಂಗ್ ಪಾಠ ಕೇಳಿದವರು. ಈಗ ಬೆಂಗಳೂರಿನ ಐಸಿಯುಗಳಲ್ಲಿ ರಾತ್ರಿ ಪಾಳಿ ನಡೆಯುತ್ತಿರುವುದೇ ನಿಮ್ಮಿಂದ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಆಗ ನಿಮ್ಮ ವಾರ್ಡಿಗೂ ಎರಡೂ ಶ್ವಾಸಕೋಶ ಬೆಳ್ಳಗಾದ ಎಕ್ಸ್‌ರೇ ಹಿಡಿದು ಒಂದಿಬ್ಬರಾದರೂ ಬರುತ್ತಾರೆ. ಅಂಥವರ ರಕ್ತಸಂಚಾರವನ್ನು ಕಾಯುವುದು ಹೇಗೆ ಎಂಬ ಒಂದೇ ವಿಷಯದ ಬಗ್ಗೆ ಈ ಪತ್ರ. 2009ರಲ್ಲಿ ಎಚ್‌1ಎನ್‌1 ಬಂದಾಗ ಕೆಲಸದಲ್ಲಿದ್ದೆ, 2021ರಲ್ಲೂ ಇದ್ದೆ, ಈಗ ನಿವೃತ್ತಳು. ನಿಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಇದನ್ನೆಲ್ಲ ಕೂರಿಸಿಕೊಂಡು ಹೇಳಿಕೊಡಲು ಪುರಸೊತ್ತಿರುವುದಿಲ್ಲ. ನನಗಿದೆ.

ಕೋವಿಡ್ ನಮ್ಮ ಊರಿಗೆಲ್ಲ ಒಂದು ಅಂಕಿಯನ್ನು ಬಾಯಿಪಾಠ ಮಾಡಿಸಿತು. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಮರುವರ್ಷ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ, ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನವೇ. ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು, ತಾವರೆಕೆರೆ ಕಡೆ ಬಯಲಿನಲ್ಲೇ ಸುಡುವ ಏರ್ಪಾಡು. ಆ ದಿನಗಳಲ್ಲಿ ಮಾರೇನಹಳ್ಳಿಯ ಹೂ ಮಾರುವ ಅಜ್ಜಿಯೂ “ಸ್ಯಾಚುರೇಷನ್ ಎಷ್ಟಿದೆ?” ಎಂದು ಕೇಳುವುದನ್ನು ಕಲಿತಳು. ತಪ್ಪಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಆ ಮೇ ತಿಂಗಳ ರಾತ್ರಿಯ ನಂತರ ಆಮ್ಲಜನಕದ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ. ಆದರೆ ಬೆರಳಿಗೆ ಕ್ಲಿಪ್ ಹಾಕಿ ತೋರಿಸುವ ಆ ಅಂಕಿ ಹೇಳುವುದು ರಕ್ತದಲ್ಲಿ ಆಮ್ಲಜನಕ ತುಂಬಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಆ ರಕ್ತ ಕಿಡ್ನಿಗೆ, ಕರುಳಿಗೆ, ಮಿದುಳಿಗೆ ತಲುಪುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಫೋನು ಮಾಡಿದ ಯಾವ ಅಟೆಂಡರೂ ನನ್ನನ್ನು ಕೇಳಲಿಲ್ಲ. ಯಾವ ಚಾನೆಲ್ಲೂ ಅದನ್ನು ಸುದ್ದಿ ಮಾಡಲಿಲ್ಲ.

ಯಂತ್ರಗಳೇನೋ ಬಂದವು. ನಮ್ಮ ಜಾಲಹಳ್ಳಿಯ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆ ಸೇರಿ, 30 ಸಾವಿರ ವೆಂಟಿಲೇಟರ್ ತಯಾರಿಸಿಕೊಟ್ಟಿತು. ಸಣ್ಣ ಸಾಧನೆಯಲ್ಲ. ಪಕ್ಕದಲ್ಲಿ ನಿಂತು ನೋಡುವ ಜನ ಮಾತ್ರ ಅದೇ ಲೆಕ್ಕದಲ್ಲಿ ಬರಲಿಲ್ಲ.

ಬಿಪಿಯಿಂದ ಶುರು ಮಾಡೋಣ. ಮಾನಿಟರಿನ ಕೆಂಪು ಗೆರೆಯ ಪಕ್ಕದಲ್ಲಿ ಆವರಣದೊಳಗೆ ಒಂದು ಅಂಕಿ ಇರುತ್ತದಲ್ಲ, ಮೀನ್, ಸರಾಸರಿ ಒತ್ತಡ, ಅದನ್ನು 65ರ ಮೇಲೆ ಇಡಿ ಎಂದು ಡಾಕ್ಟರ್ ಬರೆದಿರುತ್ತಾರೆ. ಕೆಳಗಿನ ಬಿಪಿಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದೇ ಬರುತ್ತದೆ. 65 ಇದ್ದರೆ ನೀವು ನಿಟ್ಟುಸಿರು ಬಿಟ್ಟು ಮುಂದಿನ ಬೆಡ್ಡಿಗೆ ಹೋಗುತ್ತೀರಿ. ನಿಮ್ಮ ಪೀಜಿಯ ಹಿತ್ತಲಿಗೆ ಕಾವೇರಿ ನೀರು ಬಂದ ದಿನ ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ. ನೀರು ಚಿಮ್ಮುತ್ತದೆ, ಬಿಂದಿಗೆ ತುಂಬುವುದು ಮಾತ್ರ ತಡವಾಗುತ್ತದೆ. ನಾರ್‌ಅಡ್ರಿನಲಿನ್ ಮಾಡುವುದೂ ಹೆಚ್ಚಾಗಿ ಇದನ್ನೇ. ಅದು ರಕ್ತನಾಳಗಳನ್ನು ಬಿಗಿ ಮಾಡಿ ಒತ್ತಡ ಏರಿಸುತ್ತದೆ. ಬಿಗಿಯಾದ ನಾಳದ ಆಚೆ ರಕ್ತ ಹರಿಯುತ್ತಿದೆಯೇ ಎಂದು ಕೆಂಪು ಗೆರೆ ಹೇಳುವುದಿಲ್ಲ. ಔಷಧ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಶಾಕ್‌ನಲ್ಲಿ ಮೊದಲು ಕೈಗೆತ್ತಿಕೊಳ್ಳುವ ಔಷಧವೇ ಅದು, ಎಷ್ಟೋ ಜೀವ ಉಳಿಸಿದೆ. ಅಂಕಿಯನ್ನು ಡೋಸಿನ ಜೊತೆ ಸೇರಿಸಿ ಓದಿ ಎನ್ನುತ್ತಿದ್ದೇನೆ, ಅಷ್ಟೇ. ಹತ್ತು ಗಂಟೆಗೆ ಮೀನ್ 68, ಸಿರಿಂಜ್ ಪಂಪ್ 4 ಎಂಎಲ್‌ನಲ್ಲಿ. ಹನ್ನೆರಡು ಗಂಟೆಗೂ ಮೀನ್ 68, ಆದರೆ ಪಂಪ್ 9ರಲ್ಲಿ. ಚಾರ್ಟಿನ ಬಿಪಿ ಕಾಲಂ ಮಾತ್ರ ನೋಡಿದವರಿಗೆ ರೋಗಿ ಸ್ಥಿರ. ಎರಡು ಕಾಲಂ ನೋಡಿದವರಿಗೆ ರೋಗಿ ಜಾರುತ್ತಿದ್ದಾನೆ.

ಶ್ವಾಸಕೋಶದ ಕಾಯಿಲೆಯಲ್ಲಿ ರಕ್ತಸಂಚಾರ ಕೆಡುವುದೇಕೆ ಎಂದು ಹೊಸಬರು ಕೇಳುತ್ತಾರೆ. ಕಾರಣ ಒಂದಲ್ಲ. ವಾರಗಟ್ಟಲೆ ಜ್ವರ, ಊಟವಿಲ್ಲ, ನಿಮಿಷಕ್ಕೆ ನಲವತ್ತು ಸಲ ಉಸಿರಾಡಿ ನೀರು ಕಳೆದುಕೊಂಡ ಮೈ. ಅದಕ್ಕೆ ಟ್ಯೂಬ್ ಹಾಕುವ ಮುಂಚೆ ನಿದ್ದೆಯ ಔಷಧ ಕೊಟ್ಟ ಕೂಡಲೇ, ಅಷ್ಟು ಹೊತ್ತು ಭಯದಿಂದಲೇ ಹಿಡಿದಿಟ್ಟಿದ್ದ ಬಿಪಿ ಕುಸಿಯುತ್ತದೆ. ಆಮೇಲೆ ವೆಂಟಿಲೇಟರ್. ಸಹಜ ಉಸಿರಾಟದಲ್ಲಿ ಎದೆಗೂಡು ರಕ್ತವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಯಂತ್ರ ಗಾಳಿಯನ್ನು ಒತ್ತಿ ತುಂಬುವಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಲಭಾಗದ ಹೃದಯಕ್ಕೆ ಶ್ವಾಸಕೋಶದೊಳಕ್ಕೆ ರಕ್ತ ತಳ್ಳುವುದೂ ಕಷ್ಟವಾಗುತ್ತದೆ. ಡಾಕ್ಟರ್ ಬಂದು ಪೀಪ್ ಎಂಟರಿಂದ ಹದಿನಾಲ್ಕಕ್ಕೆ ಏರಿಸಿ ಹೋದರೆ ಸ್ಯಾಚುರೇಷನ್ ಏರಿತೆಂದು ಖುಷಿಪಟ್ಟು ನೀವೂ ಹೊರಡಬೇಡಿ. ಹತ್ತು ನಿಮಿಷ ಅಲ್ಲೇ ನಿಂತು ಬಿಪಿ ನೋಡಿ. ಇದರ ಮೇಲೆ ಕೋವಿಡ್‌ನಲ್ಲಿ ಕಂಡ ಹಾಗೆ ಶ್ವಾಸಕೋಶದ ನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ. ಫ್ಲೂ ಆಗಲಿ ಕೋವಿಡ್ ಆಗಲಿ, ಕೆಲವರಲ್ಲಿ ಹೃದಯದ ಸ್ನಾಯುವನ್ನೇ ಹಿಡಿಯುತ್ತದೆ. ಮಲಗಿ ವಾರವಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಂಡಿರುತ್ತದೆ. ಇದರಲ್ಲಿ ಯಾವುದಕ್ಕೆ ಬಿಪಿ ಬಿತ್ತು ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಒಣಗಿದ ಮೈಗೆ ಬೇಕಾದ ಡ್ರಿಪ್, ಉಬ್ಬಿದ ಬಲ ಹೃದಯಕ್ಕೆ ವಿಷ.

ಆರ್ಟ್ ಲೈನ್ ಇದ್ದರೆ ಸಾಕು, ಬಿಪಿ ನಿಖರ ಎಂಬ ನಂಬಿಕೆ ನಿಮ್ಮಲ್ಲಿದೆ. ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಎಂದು ನೋಡಿದ್ದೀರಾ? ಅದು ಇರಬೇಕಾದ್ದು ರೋಗಿಯ ಹೃದಯದ ಮಟ್ಟದಲ್ಲಿ: ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆ ಕೂಡುವ ಕಡೆ. ಬೆಳಿಗ್ಗೆ ಬೆಡ್‌ಶೀಟ್ ಬದಲಿಸಲು ನಿಮ್ಮ ನಡುವಿಗೆ ಸರಿಹೋಗುವಷ್ಟು ಮಂಚ ಎತ್ತುತ್ತೀರಿ. ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿನಲ್ಲಿ ಇದ್ದಲ್ಲೇ ಇರುತ್ತದೆ. ಮಂಚ 10 ಸೆಂಟಿಮೀಟರ್ ಮೇಲೇರಿದರೆ ಮಾನಿಟರಿನಲ್ಲಿ ಬಿಪಿ ಸುಮಾರು 7 ಮಿಲಿಮೀಟರ್ ಜಾಸ್ತಿ ಕಾಣುತ್ತದೆ. ರೋಗಿಯ ಒಳಗೆ ಏನೂ ಬದಲಾಗಿಲ್ಲ. ಮೀನ್ 72 ಎಂದು ಓದಿ ಯಾರೋ ನಾರ್‌ಅಡ್ರಿನಲಿನ್ ಇಳಿಸುತ್ತಾರೆ. ಇದ್ದದ್ದು 65, ಈಗ ಅದೂ ಇಲ್ಲ. ಮಂಚ ಕೆಳಗಿಳಿಸಿದ ಮೇಲೆ ಎಲ್ಲರೂ “ಇದ್ದಕ್ಕಿದ್ದಂತೆ ಬಿಪಿ ಬಿತ್ತು” ಎನ್ನುತ್ತಾರೆ. ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ. ಪಾಳಿಯ ಶುರುವಿಗೊಮ್ಮೆ, ಮಂಚ ಅಲುಗಾಡಿಸಿದಾಗಲೆಲ್ಲ ಒಮ್ಮೆ ಮಟ್ಟ ಸರಿಮಾಡಿ ಸೊನ್ನೆ ಹಿಡಿಸಿ. ಗೆರೆ ಮೊಂಡಾಗಿ, ಗುಡ್ಡದ ಹಾಗೆ ಕಾಣುತ್ತಿದ್ದರೆ ಟ್ಯೂಬಿನಲ್ಲಿ ಗಾಳಿ ಗುಳ್ಳೆ ಇದೆಯೇ, ಮಣಿಕಟ್ಟು ಮಡಚಿದೆಯೇ, ಪ್ರೆಶರ್ ಬ್ಯಾಗ್ ಗಾಳಿ ಇಳಿದಿದೆಯೇ ನೋಡಿ.

ನಾರ್‌ಅಡ್ರಿನಲಿನ್ ಸಿರಿಂಜು ಮುಗಿಯುವ ಹೊತ್ತು ಇನ್ನೊಂದು ಅಪಾಯದ ಗಳಿಗೆ. ಖಾಲಿಯಾದ ಮೇಲೆ ಹೊಸದನ್ನು ಲೋಡ್ ಮಾಡುತ್ತಾ ಕೂತರೆ ಅಷ್ಟರಲ್ಲೇ ಬಿಪಿ ನಲವತ್ತಕ್ಕೆ ಬಂದಿರುತ್ತದೆ. ಈ ಔಷಧದ ಆಯಸ್ಸು ರಕ್ತದಲ್ಲಿ ಒಂದೆರಡು ನಿಮಿಷ ಅಷ್ಟೇ. ಹಳೆಯದು ಮುಗಿಯುವ ಮುಂಚೆಯೇ ಎರಡನೇ ಪಂಪ್ ತಯಾರಿಟ್ಟು, ಅದನ್ನು ಓಡಿಸಿ, ಒತ್ತಡ ಏರುವುದನ್ನು ನೋಡಿ, ಹಳೆಯದನ್ನು ನಿಲ್ಲಿಸಿ. ಆ ಲೈನಿಗೆ ಬೇರೆ ಇಂಜೆಕ್ಷನ್ ತಳ್ಳಬೇಡಿ. ಟ್ಯೂಬಿನಲ್ಲಿರುವ ಔಷಧವೆಲ್ಲ ಒಂದೇ ಸಲ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಈಗ ನಿಮ್ಮ ಕೈಯ ವಿಷಯ. ಈ ಪತ್ರ ಬರೆಯಲು ನಿಜವಾದ ಕಾರಣವೂ ಇದೇ.

ರೋಗಿಯ ಬಲಗೈ ತೋರುಬೆರಳ ತುದಿಯ ಮಾಂಸವನ್ನು ಬಿಳಿಚುವಷ್ಟು ಒತ್ತಿ, ಹತ್ತು ಸೆಕೆಂಡು ಹಿಡಿದು ಬಿಡಿ. ಬಣ್ಣ ಮರಳಲು ಎಷ್ಟು ಹೊತ್ತು ಹಿಡಿಯಿತು ಎಣಿಸಿ. ಮೂರು ಸೆಕೆಂಡು ದಾಟಿದರೆ ತಲುಪಬೇಕಾದ ಕಡೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಎಂದು ಅನುಮಾನಿಸಿ. ಕಾಲೇಜಿನಲ್ಲಿ ಮಕ್ಕಳ ವಾರ್ಡಿಗೆ ಹೋದಾಗ ಕಲಿತಿರುತ್ತೀರಿ, ದೊಡ್ಡವರ ಐಸಿಯುಗೆ ಬಂದ ಮೇಲೆ ಮರೆತಿರುತ್ತೀರಿ. ಇದನ್ನು ಅಜ್ಜಿ ಕಾಲದ ವಿದ್ಯೆ ಎನ್ನುವವರಿಗೆ 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನದ ಮಾತು ಹೇಳಿ. ಅರ್ಜೆಂಟೀನಾ, ಚಿಲಿ, ಕೊಲಂಬಿಯಾ, ಈಕ್ವೆಡಾರ್, ಉರುಗ್ವೆಯ 28 ಐಸಿಯುಗಳಲ್ಲಿ ಸೆಪ್ಟಿಕ್ ಶಾಕ್ ಆದ 424 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಕ್ತದ ಲ್ಯಾಕ್ಟೇಟ್ ನೋಡಿಕೊಂಡು ಚಿಕಿತ್ಸೆ. ಇನ್ನೊಂದಕ್ಕೆ ಅರ್ಧ ಗಂಟೆಗೊಮ್ಮೆ ಬೆರಳನ್ನು ಗಾಜಿನ ಸ್ಲೈಡಿನಿಂದ ಒತ್ತಿ, ಗಡಿಯಾರ ನೋಡಿಕೊಂಡು ಚಿಕಿತ್ಸೆ. 28 ದಿನಗಳಲ್ಲಿ ಲ್ಯಾಕ್ಟೇಟ್ ಗುಂಪಿನಲ್ಲಿ ಸತ್ತವರು ಶೇ. 43.4, ಬೆರಳಿನ ಗುಂಪಿನಲ್ಲಿ ಶೇ. 34.9. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದನ್ನು ಗೆಲುವು ಎನ್ನಲು ಕೂದಲೆಳೆಯಷ್ಟು ಸಾಲದು, ರೋಗಿಗಳೂ ವೈರಲ್ ನ್ಯುಮೋನಿಯಾದವರೇ ಆಗಿರಲಿಲ್ಲ. ಆದರೂ ಲ್ಯಾಬಿನ ಅಂಕಿಗಿಂತ ಬೆರಳು ಕಡಿಮೆಯೇನಲ್ಲ ಎಂದು ಹೇಳಲು ಅಷ್ಟು ಸಾಕು. ಮರುವರ್ಷ ಕೋವಿಡ್‌ಗಾಗಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಡ್ರಿಪ್ ಬೇಕೋ ಬೇಡವೋ ಎಂದು ನಿರ್ಧರಿಸಲು ಚರ್ಮದ ಬಿಸಿ, ಬೆರಳಿಗೆ ರಕ್ತ ಮರಳುವ ಹೊತ್ತು, ಲ್ಯಾಕ್ಟೇಟ್ ಇವನ್ನು ನೋಡಿ ಎಂದೇ ಬರೆದರು.

ಎಚ್ಚರಿಕೆ ಒಂದೆರಡು ಇದೆ. ಐಸಿಯುನ ಎಸಿಯಲ್ಲಿ ಕೈ ಹಾಗೆಯೇ ತಣ್ಣಗಿರುತ್ತದೆ, ಸ್ವಲ್ಪ ಹೊತ್ತು ಹೊದಿಕೆಯೊಳಗಿಟ್ಟು ನೋಡಿ. ವಯಸ್ಸಾದವರಲ್ಲಿ ಸಹಜವಾಗಿಯೇ ತಡ. ಒಬ್ಬರೇ ನೋಡುತ್ತಾ ಹೋದರೆ ಒಳ್ಳೆಯದು, ಏಕೆಂದರೆ ನನ್ನ ಮೂರು ಸೆಕೆಂಡು ನಿಮ್ಮ ನಾಲ್ಕಾಗಿರಬಹುದು.

ಮಂಡಿಯ ವಿಷಯದಲ್ಲಿ ನನಗೆ ಪುಸ್ತಕಗಳ ಮೇಲೊಂದು ತಕರಾರಿದೆ. ರಕ್ತಸಂಚಾರ ಕೆಟ್ಟಾಗ ಮಂಡಿಯ ಸುತ್ತ ನೇರಳೆ ಬಣ್ಣದ ಬಲೆ ಮೂಡುತ್ತದೆ, ಅದು ಎಷ್ಟು ಹರಡಿದೆಯೆಂದು ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ ಎಂದು ಪ್ಯಾರಿಸ್‌ನ ವೈದ್ಯರು 2011ರಲ್ಲಿ ಒಂದು ಪದ್ಧತಿ ಮಾಡಿಕೊಟ್ಟರು. ಬಿಳಿ ಚರ್ಮದಲ್ಲಿ ಅದು ನಕ್ಷೆಯಷ್ಟು ಸ್ಪಷ್ಟ. ನಮ್ಮ ಮಂಡಿಗಳಲ್ಲಿ ಕಾಣಬೇಕಾದರೆ ಬಹಳ ತಡವಾಗಿರುತ್ತದೆ. ಹಾಗಾಗಿ ಮುಟ್ಟಿ. ಅಂಗೈಯ ಬೆನ್ನಿನಿಂದ ತೊಡೆ ಮುಟ್ಟಿ, ಮಂಡಿ ಮುಟ್ಟಿ, ಪಾದ ಮುಟ್ಟಿ. ಬಿಸಿ ಎಲ್ಲಿಗೆ ನಿಂತಿತು ಎಂಬುದನ್ನು ಚಾರ್ಟಿನಲ್ಲಿ ಬರೆಯಿರಿ. “ಪಾದ ತಣ್ಣಗೆ, ಮಂಡಿ ಬಿಸಿ” ಎಂದಿದ್ದದ್ದು ಎರಡು ಗಂಟೆಯಲ್ಲಿ “ಮಂಡಿಯೂ ತಣ್ಣಗೆ” ಎಂದಾದರೆ ಯಾವ ಲ್ಯಾಬಿಗೂ ಕಾಯಬೇಕಾಗಿಲ್ಲ. ಬೆರಳ ತುದಿಯ ಪರೀಕ್ಷೆಗೆ ಈ ತೊಂದರೆ ಕಡಿಮೆ, ನಮ್ಮ ಬೆರಳ ತುದಿಗಳು ಬಿಳಿಚುವುದು ಚೆನ್ನಾಗಿಯೇ ಕಾಣುತ್ತದೆ.

2021ರ ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತರ ಆಸುಪಾಸಿನ ಆಟೋ ಚಾಲಕರೊಬ್ಬರಿದ್ದರು. ವೆಂಟಿಲೇಟರ್ ಮೇಲೆ ಸ್ಯಾಚುರೇಷನ್ 94, ಮೀನ್ 70. ರೌಂಡ್ಸ್‌ನಲ್ಲಿ ಅವರ ಬೆಡ್ಡಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ, ಅವರಿಗಿಂತ ಕಷ್ಟದಲ್ಲಿದ್ದವರು ಎಡಬಲ ತುಂಬಿದ್ದರು. ಡಯಾಪರ್ ಬದಲಿಸುತ್ತಿದ್ದ ಆಯಾ ಪಿಪಿಇ ಕಿಟ್‌ನೊಳಗಿಂದ ಕೂಗಿ ಹೇಳಿದಳು: “ಸಿಸ್ಟರ್, ಈ ಅಣ್ಣಂದು ಕಾಲು ನೋಡಿ, ನಿನ್ನೆ ಹಿಂಗಿರಲಿಲ್ಲ, ಮಂಜುಗಡ್ಡೆ ಆಗೈತೆ.” ಎರಡು ಗ್ಲೌಸ್ ಮೇಲಿಂದಲೂ ಅವಳಿಗೆ ಅದು ತಿಳಿದಿತ್ತು. ಯೂರೋಬ್ಯಾಗ್ ನೋಡಿದರೆ ಮೂರು ಗಂಟೆಯಿಂದ ಹೆಚ್ಚುಕಡಿಮೆ ಅಷ್ಟೇ ಇತ್ತು. ಡ್ಯೂಟಿ ಡಾಕ್ಟರ್ ಎಕೋ ಯಂತ್ರ ತಳ್ಳಿಕೊಂಡು ಬಂದು ನೋಡಿದಾಗ ಬಲಭಾಗದ ಹೃದಯ ಉಬ್ಬಿ ಎಡಭಾಗವನ್ನು ಒತ್ತುತ್ತಿತ್ತು. ಶ್ವಾಸಕೋಶದಲ್ಲಿ ಹೆಪ್ಪು ಎಂದುಕೊಂಡು ಹೆಪಾರಿನ್ ಹೆಚ್ಚಿಸಿದರು, ಪೀಪ್ ಇಳಿಸಿದರು, ಓಡುತ್ತಿದ್ದ ಡ್ರಿಪ್ ನಿಲ್ಲಿಸಿದರು. ಅವರು ಉಳಿದರು. ಉಳಿದದ್ದು ಇದೊಂದರಿಂದಲೇ ಎಂದು ನಾನು ಹೇಳಲಾರೆ. ಆದರೆ ಆ ರಾತ್ರಿ ಮಾನಿಟರಿನ ಯಾವ ಅಲಾರಂ ಕೂಡ ಹೊಡೆದುಕೊಂಡಿರಲಿಲ್ಲ.

ಬೆರಳಿನ ಕ್ಲಿಪ್ಪನ್ನು ಪೂರಾ ಬಿಟ್ಟುಬಿಡಿ ಎಂದಲ್ಲ. ಅದರ ತತ್ವ ಕಂಡುಹಿಡಿದದ್ದು ಜಪಾನಿನ ತಕುವೊ ಅಯೋಯಾಗಿ, 1970ರ ದಶಕದ ಆರಂಭದಲ್ಲಿ. ಜಗತ್ತೆಲ್ಲ ಆ ಸಾಧನಕ್ಕಾಗಿ ಅಂಗಡಿ ಅಲೆಯುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಅಂಕಿಗಿಂತ ಮೊದಲು ಅದರ ಅಲೆ ನೋಡಿ. ಅಲೆ ಎತ್ತರವಾಗಿ, ಒಂದರ ಹಿಂದೊಂದು ಚೆಂದವಾಗಿ ಬರುತ್ತಿದ್ದರೆ ಅಂಕಿಗೆ ಬೆಲೆ. ನಾರ್‌ಅಡ್ರಿನಲಿನ್ ಏರಿ ಬೆರಳು ತಣ್ಣಗಾದಾಗ ಅಲೆ ಚಪ್ಪಟೆಯಾಗಿ ಅಂಕಿ 80, 91, ಗೆರೆ, ಹೀಗೆ ಕುಣಿಯುತ್ತದೆ. ಆಗ ನೀವು ಕ್ಲಿಪ್ಪನ್ನು ಈ ಬೆರಳಿನಿಂದ ಆ ಬೆರಳಿಗೆ, ಕಿವಿಗೆ ಸಾಗಿಸುತ್ತಾ “ಪ್ರೋಬ್ ಸರಿಯಿಲ್ಲ” ಎನ್ನುತ್ತೀರಿ. ಪ್ರೋಬ್ ಹಲವು ಸಲ ಸರಿಯಾಗಿಯೇ ಇರುತ್ತದೆ. ಇಲ್ಲಿಗೆ ರಕ್ತ ಬರುತ್ತಿಲ್ಲ ಎಂದು ಅದು ಹೇಳುತ್ತಿರುತ್ತದೆ. ಇನ್ನೊಂದು: ಚರ್ಮ ಕಪ್ಪಾದಷ್ಟೂ ಈ ಸಾಧನ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ. ಅಮೆರಿಕದ ಮಿಷಿಗನ್‌ನ ವೈದ್ಯರು 2020ರಲ್ಲಿ ಕಂಡಂತೆ, ಕ್ಲಿಪ್ ಸರಿ ಎಂದರೂ ಎಬಿಜಿಯಲ್ಲಿ ಆಮ್ಲಜನಕ ಕಡಿಮೆ ಬರುವ ಸಂಭವ ಅಲ್ಲಿನ ಕರಿಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ನಮ್ಮ ಕಡೆಯ ಚರ್ಮಕ್ಕೂ ಈ ಎಚ್ಚರ ಇರಲಿ.

ಮೂತ್ರದ ಬಗ್ಗೆ ಉದ್ದ ಬರೆಯುವುದಿಲ್ಲ. ಕೆಜಿಗೆ ಗಂಟೆಗೆ ಅರ್ಧ ಎಂಎಲ್, ಅಂದರೆ ಅರವತ್ತು ಕೆಜಿಯವರಿಗೆ ಗಂಟೆಗೆ 30. ಪಾಳಿ ಮುಗಿಯುವಾಗ ಒಟ್ಟಿಗೆ ಚೆಲ್ಲಿ 400 ಎಂದು ಬರೆದರೆ ಅದರಲ್ಲಿ ಮೊದಲ ಮೂರು ಗಂಟೆಯಲ್ಲಿ ಬಂದದ್ದೆಷ್ಟು, ಕೊನೆಯ ನಾಲ್ಕು ಗಂಟೆ ನಿಂತೇ ಹೋಗಿತ್ತೇ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗಂಟೆ ಗಂಟೆಯ ಲೆಕ್ಕ ಬೇಕು. ಫ್ರುಸೆಮೈಡ್ ಕೊಟ್ಟ ಮೇಲೆ ಬಂದದ್ದಾದರೆ ಹಾಗೆಂದು ಪಕ್ಕದಲ್ಲಿ ಬರೆಯಿರಿ.

ಇನ್ನು ಡ್ರಿಪ್. ನಮ್ಮ ಜನಕ್ಕೆ ಗ್ಲೂಕೋಸ್ ಮೇಲಿರುವ ಭಕ್ತಿ ನಿಮಗೂ ಗೊತ್ತು, ನನಗೂ ಗೊತ್ತು. ಸುಸ್ತೆಂದು ಕ್ಲಿನಿಕ್ಕಿಗೆ ಹೋದವರು “ಎರಡು ಬಾಟ್ಲಿ ಏರಿಸಿಬಿಡಿ ಡಾಕ್ಟ್ರೇ” ಎಂದು ತಾವೇ ಚೀಟಿ ಬರೆದಂತೆ ಹೇಳುವ ಊರು ಇದು. ಐಸಿಯು ಹೊರಗೆ ಕೂತ ಅಟೆಂಡರ್‌ಗಳು “ಡ್ರಿಪ್ ನಿಲ್ಸಿದೀರಂತೆ, ದುಡ್ಡು ಕಟ್ಟಿಲ್ಲ ಅಂತಾನಾ?” ಎಂದು ಜಗಳಕ್ಕೇ ಬರುತ್ತಾರೆ. ಅವರಿಗೆ ತಾಳ್ಮೆಯಿಂದ ಹೇಳಬೇಕಾದವರು ನೀವೇ: ಊದಿಕೊಂಡ ಶ್ವಾಸಕೋಶದ ನಾಳಗಳು ಸೋರುತ್ತಿವೆ, ಹಾಕಿದ ನೀರಿನಲ್ಲಿ ಒಂದು ಪಾಲು ಗಾಳಿ ಇರಬೇಕಾದ ಜಾಗಕ್ಕೇ ಹೋಗುತ್ತದೆ. 2006ರಲ್ಲಿ ಅಮೆರಿಕದ ತಜ್ಞರು ಇಂಥ ಸಾವಿರ ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಶಾಕ್ ಇಲ್ಲದ ಹೊತ್ತಿನಲ್ಲಿ ನೀರನ್ನು ಬಿಗಿಹಿಡಿದ ಗುಂಪಿನಲ್ಲಿ ಏಳು ದಿನದ ಕೊನೆಗೆ ಮೈಯಲ್ಲಿ ಹೆಚ್ಚುವರಿ ನೀರು ಸೇರಿರಲೇ ಇಲ್ಲ. ಧಾರಾಳವಾಗಿ ಕೊಟ್ಟ ಗುಂಪಿನಲ್ಲಿ ಸುಮಾರು ಏಳು ಲೀಟರ್ ಸೇರಿತ್ತು. ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ, ಆದರೆ ಬಿಗಿಹಿಡಿದವರು ವೆಂಟಿಲೇಟರ್‌ನಿಂದ ಬೇಗ ಹೊರಬಂದರು. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿ ಕೆಡುತ್ತದೆಂಬ ಭಯವೂ ಅಲ್ಲಿ ನಿಜವಾಗಲಿಲ್ಲ. ಇನ್ನೂ ಕಠೋರವಾದ ಪಾಠ ಕೀನ್ಯಾ, ಉಗಾಂಡ, ತಾಂಜಾನಿಯಾದಿಂದ 2011ರಲ್ಲಿ ಬಂತು. ತೀವ್ರ ಜ್ವರದಿಂದ ಕೈಕಾಲು ತಣ್ಣಗಾಗಿ ಬಂದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಬೇಗಬೇಗ ಸಲೈನ್ ಹಾಯಿಸಿದ ಗುಂಪಿನಲ್ಲಿ 48 ಗಂಟೆಯೊಳಗೆ ಶೇ. 10.5 ಮಕ್ಕಳು ಸತ್ತರು. ಹಾಗೆ ಹಾಯಿಸದೆ ಬಿಟ್ಟ ಗುಂಪಿನಲ್ಲಿ ಶೇ. 7.3. ಅಲ್ಲಿ ಬಹಳ ಮಕ್ಕಳಿಗೆ ಮಲೇರಿಯಾ ಇತ್ತು, ಐಸಿಯು ಇರಲಿಲ್ಲ, ನಮ್ಮ ರೋಗಿಗೆ ಹಾಗೇ ಹೊಂದಿಸಲಾಗದು. ಆದರೂ ಸಲೈನ್ ಎಂದರೆ ನೀರು ತಾನೇ ಎಂಬ ಸಸಾರ ಅಲ್ಲಿಗೆ ಮುಗಿಯಬೇಕು.

ಡಾಕ್ಟರ್ “ಡ್ರಿಪ್ ಬೇಡ” ಎಂದು ಬರೆದ ರೋಗಿಗೂ ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಒಮ್ಮೆ ಕೂಡಿಸಿ. ಆ್ಯಂಟಿಬಯಾಟಿಕ್ ಒಂದೊಂದೂ ನೂರು ಎಂಎಲ್ ಸಲೈನಿನಲ್ಲಿ, ದಿನಕ್ಕೆ ಎಂಟು ಸಲ ಎಂದರೆ ಅದೇ 800. ನಿದ್ದೆಯ ಔಷಧ, ಪೊಟ್ಯಾಷಿಯಂ, ಪ್ರತಿ ಇಂಜೆಕ್ಷನ್ ಹಿಂದೆ ಹತ್ತು ಎಂಎಲ್ ಫ್ಲಶ್. ಯಾರೂ ಆರ್ಡರ್ ಮಾಡದ ಲೀಟರುಗಳು ಇವು. ಇದನ್ನು ಡಾಕ್ಟರ್ ಕಣ್ಣಿಗೆ ತರಬಲ್ಲವರು ನೀವು ಮಾತ್ರ.

ಹಾಗಾದರೆ ಯಾರಿಗೆ ಕೊಡಬೇಕು, ಯಾರಿಗೆ ಬೇಡ? ನಮ್ಮ ಕಾಲದಲ್ಲಿ ಸೆಂಟ್ರಲ್ ಲೈನಿನ ಸಿವಿಪಿ ನೋಡಿ ನಿರ್ಧರಿಸುತ್ತಿದ್ದರು. ಎಂಟಕ್ಕಿಂತ ಕಡಿಮೆಯಿದ್ದರೆ ನೀರು ಹಾಕು, ಹನ್ನೆರಡು ದಾಟಿದರೆ ನಿಲ್ಲಿಸು. 2008ರಲ್ಲಿ ಪಾಲ್ ಮಾರಿಕ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಮೈಯಲ್ಲಿರುವ ರಕ್ತದ ಪ್ರಮಾಣವನ್ನು ಸಿವಿಪಿ ಸರಿಯಾಗಿ ಹೇಳಿದ್ದು ಒಂದೇ ಒಂದು ಅಧ್ಯಯನದಲ್ಲಿ ಸಿಕ್ಕಿತು. ಅದು ನಡೆದದ್ದು ನಿಂತಿದ್ದ ಏಳು ಹೆಣ್ಣು ಕುದುರೆಗಳ ಮೇಲೆ! ಶ್ವಾಸಕೋಶದ ನಾಳದವರೆಗೂ ಬಲೂನು ತೇಲಿಬಿಟ್ಟು ಅಳೆಯುವ ಸ್ವಾನ್-ಗಾನ್ಜ್ ಕ್ಯಾತಿಟರ್ 1970ರಲ್ಲಿ ಬಂದಾಗ ಇನ್ನೇನು ಎಲ್ಲ ತಿಳಿದುಬಿಟ್ಟಿತು ಎಂದುಕೊಂಡಿದ್ದರು. ಕಾಲು ಶತಮಾನ ಮೆರೆದ ಮೇಲೆ, ಅದನ್ನು ಹಾಕಿಸಿಕೊಂಡವರು ಹೆಚ್ಚು ಬದುಕುತ್ತಿಲ್ಲ ಎಂದು ಒಂದರ ಹಿಂದೊಂದು ಅಧ್ಯಯನ ಹೇಳಿತು. ಈಗ ಆಯ್ದ ಕೆಲವರಿಗಷ್ಟೇ. ಹೆಚ್ಚು ಅಳೆದ ಮಾತ್ರಕ್ಕೆ ಹೆಚ್ಚು ಗುಣವಾಗುವುದಿಲ್ಲ.

ಈಗಿನ ದಾರಿ ಸರಳ: ಒಮ್ಮೆ ಪ್ರಯೋಗ ಮಾಡಿ ನೋಡುವುದು. ತಲೆಕಡೆ ಎತ್ತಿ ಮಲಗಿಸಿದ ರೋಗಿಯ ಮಂಚವನ್ನೇ ತಿರುಗಿಸಿ, ಬೆನ್ನು ಚಪ್ಪಟೆಯಾಗಿ ಕಾಲು 45 ಡಿಗ್ರಿ ಮೇಲೇಳುವಂತೆ ಮಾಡಿದರೆ ಕಾಲಿನಲ್ಲಿದ್ದ ಸುಮಾರು 300 ಎಂಎಲ್ ರಕ್ತ ಹೃದಯದ ಕಡೆ ಬರುತ್ತದೆ. ಹೃದಯ ಅದನ್ನು ಬಳಸಿಕೊಂಡು ಹೆಚ್ಚು ಪಂಪ್ ಮಾಡಿತೇ ಎಂಬುದು ಒಂದು ನಿಮಿಷದೊಳಗೆ ಗೊತ್ತಾಗಬೇಕು, ಡಾಕ್ಟರ್ ಅಷ್ಟರಲ್ಲಿ ಎಕೋ ಹಿಡಿದಿರಬೇಕು. ಮಾಡಿದರೆ ನೀರು ಕೊಡಬಹುದು, ಮಾಡದಿದ್ದರೆ ಆ ನೀರು ಶ್ವಾಸಕೋಶಕ್ಕೆ. ಕಾಲು ಇಳಿಸಿದರೆ ಎಲ್ಲ ಮೊದಲಿನಂತೆ, ಹೊರಗಿನ ಒಂದು ಹನಿಯೂ ಒಳಗೆ ಹೋಗಿರುವುದಿಲ್ಲ. ಮಂಚದ ಮೋಟರ್ ಕೆಟ್ಟಿದೆಯೆಂದು ಇಬ್ಬರು ನಿಂತು ಕಾಲು ಹಿಡಿದೆತ್ತಬೇಡಿ. ನೋವಿಗೇ ಬಿಪಿ ಏರಿ ಲೆಕ್ಕ ತಪ್ಪುತ್ತದೆ. ಬಿಪಿ ಒಂದನ್ನೇ ನೋಡಿ ತೀರ್ಮಾನಿಸುವುದೂ ಸಾಲದು. ಎಕೋ ಸಿಗದ ರಾತ್ರಿ, ವೆಂಟಿಲೇಟರ್ ಸೆಟ್ಟಿಂಗ್ ಅಲುಗಾಡಿಸದೆ, ಇಟಿಸಿಒ2 ಅಂಕಿ ಏರಿತೇ ನೋಡಿ.

ಬೋರಲು ಮಲಗಿಸುವ ರೋಗಿಗಳ ಬಗ್ಗೆ ಒಂದು ಮಾತು. 2013ರ ಫ್ರಾನ್ಸಿನ ಅಧ್ಯಯನದಲ್ಲಿ ದಿನಕ್ಕೆ ಹದಿನಾರು ಗಂಟೆ ಬೋರಲು ಮಲಗಿಸಿದ ಗುಂಪಿನ ಸಾವು ಶೇ. 16ಕ್ಕೆ ಇಳಿಯಿತು, ಅಂಗಾತ ಮಲಗಿದವರಲ್ಲಿ ಅದು ಶೇ. 32.8. ಐಸಿಯು ಔಷಧಗಳಲ್ಲಿ ಇಷ್ಟು ಲಾಭ ಕೊಟ್ಟದ್ದು ಕಡಿಮೆ. ಇದಕ್ಕೆ ಬೇಕಾದ್ದು ಐದಾರು ಜನರ ತೋಳು. ತಿರುಗಿಸುವ ಮುಂಚೆ ನಾರ್‌ಅಡ್ರಿನಲಿನ್ ಲೈನ್ ಉದ್ದವಿದೆಯೇ ಎಂದು ಒಬ್ಬರು ಅದನ್ನಷ್ಟೇ ನೋಡಲಿ. ತಿರುಗಿಸಿದ ಕೂಡಲೇ ಟ್ರಾನ್ಸ್‌ಡ್ಯೂಸರ್ ಮಟ್ಟ ಮತ್ತೆ ಹಿಡಿಯಿರಿ, ಹೃದಯದ ಜಾಗ ಈಗ ಬೇರೆ. ಆಮೇಲೆ ಪಾದ ಮುಟ್ಟಿ. ಬೋರಲಾದಾಗ ಮಂಡಿ ಹಾಸಿಗೆಗೆ ಒತ್ತಿರುತ್ತದೆ, ಅದನ್ನು ನಂಬಬೇಡಿ.

ರಾತ್ರಿ ಮೂರು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ನಿಮಗಿರುವ ಹಿಂಜರಿಕೆ ನನಗೆ ಗೊತ್ತು. “ಸರ್, ಪೇಷಂಟ್ ಯಾಕೋ ಸರಿಯಿಲ್ಲ” ಎಂದರೆ “ಬಿಪಿ ಎಷ್ಟು? ಸ್ಯಾಚುರೇಷನ್? ಸರಿ ಇದೆಯಲ್ಲ, ನೋಡ್ತಾ ಇರಿ” ಎಂದು ಮಗ್ಗುಲು ಬದಲಿಸುತ್ತಾರೆ. ಅವರೂ ಮೂವತ್ತಾರು ಗಂಟೆಯಿಂದ ನಿಂತವರು, ಬೈಯಬೇಡಿ. ಹೀಗೆ ಹೇಳಿ ನೋಡಿ: “ಸರ್, ನಾಲ್ಕನೇ ಬೆಡ್. ಮೀನ್ 68 ಇದೆ, ಆದ್ರೆ ಎರಡು ಗಂಟೇಲಿ ನಾರ್‌ಅಡ್ 4ರಿಂದ 9ಕ್ಕೆ ಹೋಗಿದೆ. ಬೆರಳಿಗೆ ರಕ್ತ ವಾಪಸ್ ಬರೋಕೆ ಐದು ಸೆಕೆಂಡ್ ಆಗ್ತಿದೆ, ಹನ್ನೆರಡಕ್ಕೆ ಮೂರಿತ್ತು. ಎರಡು ಗಂಟೆಯಿಂದ ಯೂರಿನ್ ಹದಿನೈದೇ ಎಂಎಲ್. ಎಬಿಜಿ ಕಳಿಸಿದೀನಿ. ನೀವು ಎಕೋ ತಗೊಂಡು ಬರಬೇಕು ಸರ್.” ಇದನ್ನು ಕೇಳಿ ಮಲಗಿದ ಡಾಕ್ಟರನ್ನು ನಾನು ಕಂಡಿಲ್ಲ. ಕೊನೆಯ ವಾಕ್ಯ ಮುಖ್ಯ. ಬನ್ನಿ ಎಂದು ಹೇಳುವ ಅಧಿಕಾರ ನಿಮಗಿದೆ.

ಕೊನೆಯದಾಗಿ ಚಾರ್ಟು. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಎಂಬುದು ಪುಸ್ತಕದಲ್ಲಿದೆ. ನಿಮಗೆ ಮೂವರನ್ನು ಕೊಟ್ಟಿರುತ್ತಾರೆ. ಎರಡು ಗಂಟೆಗೆ ಒಬ್ಬರಿಗೆ ಹೃದಯ ನಿಂತು ಎದೆ ಒತ್ತುತ್ತಾ ನಿಂತವರು ನಾಲ್ಕಕ್ಕೆ ಉಳಿದಿಬ್ಬರ ಹತ್ತಿರ ಬಂದಾಗ, ಎರಡರ ಸಾಲು, ಮೂರರ ಸಾಲು ಖಾಲಿ ಇರುತ್ತದೆ. ಆಗ ಕೈ ತಾನಾಗಿ ಒಂದು ಗಂಟೆಯ ಅಂಕಿಯನ್ನೇ ಕೆಳಗೆ ಇಳಿಸಿಬಿಡುತ್ತದೆ: 120/70, ನಾಡಿ 96, ಮೂತ್ರ 40. ಬೆಳಿಗ್ಗೆ ಇನ್‌ಚಾರ್ಜ್ ಬೈಯುವುದಿಲ್ಲ, ಆಡಿಟ್‌ನವರಿಗೂ ತೃಪ್ತಿ. ಆದರೆ ಮರುದಿನ ಡ್ರಿಪ್ ಕೊಡಬೇಕೋ ನಿಲ್ಲಿಸಬೇಕೋ ಎಂದು ನಿರ್ಧರಿಸುವವರು ಓದುವುದು ಅದೇ ಸುಳ್ಳು ಅಂಕಿಯನ್ನು. ದಯವಿಟ್ಟು ಆ ಸಾಲು ಖಾಲಿ ಬಿಡಿ. “ಬೆಡ್ 2ರಲ್ಲಿ ಸಿಪಿಆರ್, ನೋಡಲಾಗಲಿಲ್ಲ” ಎಂದು ಬರೆದು ಸಹಿ ಹಾಕಿ. ಇನ್‌ಚಾರ್ಜ್ ಕೂಗಾಡಿದರೆ ಕೂಗಾಡಲಿ. ತಿಂಗಳ ಕೊನೆಗೆ ಅಂಥ ಖಾಲಿ ಸಾಲುಗಳನ್ನೆಲ್ಲ ಲೆಕ್ಕ ಹಾಕಿ, ಎಲ್ಲರೂ ಸಹಿ ಮಾಡಿ, ಮೇಲಿನವರ ಮೇಜಿನ ಮೇಲಿಡಿ. ಹೊಸ ಮಾನಿಟರಿಗೆ ದುಡ್ಡು ಹುಡುಕಿಕೊಳ್ಳುವ ಆಡಳಿತದವರಿಗೆ ರಾತ್ರಿ ಪಾಳಿಗೆ ಇನ್ನೂ ಒಬ್ಬರನ್ನು ಹಾಕಿ ಎಂದು ಕೇಳಲು ನಿಮ್ಮ ಕೈಯಲ್ಲಿರುವ ಕಾಗದ ಅದೊಂದೇ. ಚಾರ್ಟಿನಲ್ಲಿ ಬೆರಳಿನ ಸೆಕೆಂಡಿಗೂ ಮಂಡಿಯ ಬಿಸಿಗೂ ಕಾಲಂ ಇಲ್ಲವಲ್ಲ ಎಂದು ಕೇಳುವಿರಿ. ರಿಮಾರ್ಕ್ಸ್ ಕಾಲಂ ಇದೆ, ಹೆಚ್ಚಿನ ಕಡೆ ಅದು ಖಾಲಿಯೇ ಇರುತ್ತದೆ. ಇವತ್ತಿನ ಪಾಳಿಯಿಂದಲೇ ಅಲ್ಲಿ ಬರೆಯಲು ಶುರು ಮಾಡಿ.

ಇತಿ,
ಒಬ್ಬ ನಿವೃತ್ತ ಐಸಿಯು ಸಿಸ್ಟರ್
ಮಾರೇನಹಳ್ಳಿ, ಬೆಂಗಳೂರು